ಜೇಬಿನಲ್ಲಿದ್ದ ಆನೆ

ಯಾವುದೇ ಕೆಲಸವಿರಲಿ, ಅದನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದವರ ಹತ್ತಿರ ಏನು ಬೇಕಾದರೂ ಕೇಳಬಹುದು, ಶುರು ಮಾಡುವುದು ಹೇಗೆ ಅಂತ ಮಾತ್ರ ಕೇಳಬಾರದು. ಒಮ್ಮೆ ನಮ್ಮ ತಾಯಿಯನ್ನು ಮುದ್ದೆ ಮಾಡೋದು ಹೇಗಮ್ಮ ಅಂತ ಕೇಳಿದ್ದೆ. "ಎಸರಿಡು, ಆಮೇಲೆ ತಾನಾಗೇ ಗೊತ್ತಾಗುತ್ತೆ" ಅಂದರು. ಎಸರಿಟ್ಟೆ. ನೀರು ಕುದ್ದು ಕುದ್ದು ಆವಿಯಾಗಿ ಪಾತ್ರೆಯ ತಳ ಕಾಣಿಸಿತೇ ಹೊರತು ನನಗೇನೂ ಗೊತ್ತಾಗಲಿಲ್ಲ. ದಾಸರಹಳ್ಳಿಯ ಸರ್ಕಲ್ಲಿನಲ್ಲಿ ನಿಂತು ಯಾರನ್ನಾದರೂ ದಾರಿ ಕೇಳಿ ನೋಡಿ. "ಸೀದಾ ಹೋಗಿ ಸಾರ್" ಅನ್ನುತ್ತಾರೆ. ನಾವು ನಿಂತಿರುವುದು ಎಲ್ಲ ದಿಕ್ಕಿಗೂ ರಸ್ತೆ ಒಡೆಯುವ ಜಾಗದಲ್ಲಿ. ಯಾವ ದಿಕ್ಕು ಸೀದಾ ಅನ್ನುವುದು ಹೇಳಿದವರಿಗೂ ಗೊತ್ತಿರುವುದಿಲ್ಲ. ಗೊತ್ತಿರುವವರ ಪಾಡೇ ಇಷ್ಟು. ಇನ್ನು ಗೊತ್ತಿದೆ ಅಂತ ಊರೆಲ್ಲ ನಂಬಿರುವ ನನ್ನಂಥವನ ಪಾಡು ಕೇಳಬೇಡಿ.

ನಾವಿರುವುದು ನಾಗಸಂದ್ರದಲ್ಲಿ, ಮೆಟ್ರೋ ಸ್ಟೇಷನ್ನಿನ ಹಿಂದಿನ ರಸ್ತೆಯ ಒಂದು ಬಾಡಿಗೆ ಮನೆಯಲ್ಲಿ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವನು. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವನು. ನನ್ನ ಹೆಂಡತಿ ಭಾಗ್ಯ ಅಲ್ಲೇ ಎರಡು ರಸ್ತೆ ಆಚೆ ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ತಪ್ಪು ಹುಡುಕುವುದು ಅವಳಿಗೆ ಸಂಬಳವಿಲ್ಲದೆಯೂ ಬರುತ್ತದೆ. ಆಷಾಢ ಮುಗಿಯುತ್ತಾ ಬಂದಿದ್ದ ಒಂದು ಭಾನುವಾರ ಊಟವಾಗಿ ನಾನು ಚಾಪೆ ಹುಡುಕುತ್ತಿದ್ದೆ. ಅವಳು ಅಟ್ಟದ ಮೇಲಿದ್ದ ಚೆಸ್ ಬೋರ್ಡನ್ನು ಇಳಿಸಿ, ಧೂಳೊರೆಸಿ, ಕಾಯಿಗಳನ್ನೆಲ್ಲ ಅವುಗಳ ಮನೆಯಲ್ಲಿ ನಿಲ್ಲಿಸಿ, ಎದುರಿಗೆ ಕಾಲು ಮಡಚಿ ಕೂತಳು. "ರೀ, ಮೊದಲು ಯಾವ ಕಾಯಿ ನಡೆಸಬೇಕು?" ಅಂದಳು.

ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ನಮ್ಮ ಅಡುಗೆಮನೆಯಲ್ಲಿ ಹುರಿಗಡಲೆ ಹಾಕಿಡುವ ಒಂದು ಸ್ಟೀಲ್ ಡಬ್ಬಿಯಿದೆ. ಅದರ ಮುಚ್ಚಳದ ಮೇಲೆ "ಚೆಸ್ ಪ್ರಥಮ" ಅಂತ ಕೊರೆದಿದೆ. ಕಾರ್ಖಾನೆಯ ರಾಜ್ಯೋತ್ಸವದ ಸ್ಪರ್ಧೆಯಲ್ಲಿ ಬಂದದ್ದು. ಆ ವರ್ಷ ನನ್ನ ಮೊದಲನೇ ಎದುರಾಳಿ ಸೆಕೆಂಡ್ ಶಿಫ್ಟಿಗೆ ಹೋಗಬೇಕಾಯಿತು, ಎರಡನೆಯವನು ತಂಗಿಯ ಮದುವೆಗೆ ಊರಿಗೆ ಹೋದ, ಫೈನಲ್ಲಿಗೆ ಬಂದವನು ಹಲ್ಲುನೋವು ಅಂತ ದವಡೆ ಹಿಡಿದುಕೊಂಡು ಕೂತು, ಅರ್ಧ ಆಟಕ್ಕೆ "ನೀವೇ ಗೆದ್ರಿ ಬಿಡಿ ಸಾರ್" ಅಂತ ಎದ್ದುಬಿಟ್ಟ. ಡಬ್ಬಿಯ ಮೇಲೆ ಈ ವಿವರಗಳನ್ನು ಕೊರೆಸುವುದಕ್ಕೆ ಜಾಗವಿರಲಿಲ್ಲ. ಅಂದಿನಿಂದ ನಮ್ಮ ಬಿಲ್ಡಿಂಗಿನವರೆಲ್ಲ ನನ್ನನ್ನು ಚೆಸ್ ಮಾಸ್ಟರ್ ಅನ್ನುತ್ತಾರೆ. ನಾನು ಬೇಡ ಅನ್ನುವ ಹಾಗೆ ಮುಖ ಮಾಡಿ ಸುಮ್ಮನಿರುತ್ತೇನೆ.

ಈಗ ಮಾಸ್ಟರ್ ಗತ್ತಿನಲ್ಲಿ ಬಲತುದಿಯ ಆನೆಯ ಮುಂದಿದ್ದ ಕಾಲಾಳನ್ನು ಒಂದು ಮನೆ ಮುಂದಿಟ್ಟೆ. ನಾನು ಹುಡುಗನಾಗಿದ್ದಾಗಿನಿಂದ ಶುರು ಮಾಡುವುದು ಹಾಗೆಯೇ. "ಯಾಕೆ ಅದು?" ಅಂದಳು ಭಾಗ್ಯ. ಯಾಕೆ ಅಂತ ನನ್ನನ್ನು ಆವರೆಗೆ ಯಾರೂ ಕೇಳಿರಲಿಲ್ಲ. "ಅದೂ... ಅದು ನಡೆದರೆ ಯಾರಿಗೂ ತೊಂದರೆ ಇಲ್ಲ" ಅಂದೆ. "ಉಪಯೋಗ?" ಅಂದಳು. ಯೋಚಿಸಿದೆ. ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಒಂದು ಹೆಜ್ಜೆ ಇಟ್ಟು, ಏನೋ ಮಾಡಿದೆ ಅಂತ ಸಮಾಧಾನ ಪಟ್ಟುಕೊಂಡು, ಎದುರಿನವರು ಏನು ಮಾಡುತ್ತಾರೋ ನೋಡುವುದು. ಇದು ಚೆಸ್ಸಿನಲ್ಲಿ ಮಾತ್ರವಲ್ಲ, ನಾನು ಮದುವೆ ಮಾಡಿಕೊಂಡದ್ದೂ ಪ್ರಮೋಷನ್ನಿಗೆ ಕಾದದ್ದೂ ಇದೇ ರೀತಿಯಲ್ಲಿ ಅಂತ ಹೊಳೆದು ಬೆವರು ಬಂತು. "ನಾಳೆ ಹೇಳ್ತೀನಿ, ಇದರಲ್ಲಿ ಬಹಳ ಥಿಯರಿ ಇದೆ" ಅಂದು ಚಾಪೆ ಹಾಸಿಕೊಂಡೆ.

ಮಾರನೇ ದಿನ ಊಟದ ಬಿಡುವಿನಲ್ಲಿ ಬಸವರಾಜನನ್ನು ಹಿಡಿದೆ. ಅವನು ಬಾಗಲಕೋಟೆ ಕಡೆಯವನು, ಮಷೀನ್ ಆಪರೇಟರ್. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಯಾವುದೋ ದೇಶದವನ ಜೊತೆ ಚೆಸ್ ಆಡುತ್ತಾನೆ; ಗೆದ್ದಾಗ ಕ್ಯಾಂಟೀನಿಗೆಲ್ಲ ಕೇಳುವ ಹಾಗೆ ಹೇಳುತ್ತಾನೆ, ಸೋತಾಗ ನೆಟ್‌ವರ್ಕಿಗೆ ಬೈಯುತ್ತಾನೆ. ಹೊಸದಾಗಿ ಕಲಿಯುವವರಿಗೆ ಯಾವ ಓಪನಿಂಗ್, ಅಂದರೆ ಆಟ ಶುರು ಮಾಡುವ ಯಾವ ವರಸೆ, ಒಳ್ಳೆಯದಪ್ಪಾ ಅಂತ ಕೇಳಿದೆ. "ಇಷ್ಟಕ್ಕ ಯಾಕ್ರಿ ಸರ ತಲಿ ಕೆಡಿಸ್ಕೊಂಡೀರಿ? ನಾಕ ನಡಿ. ಒಂಟಿ ಹೊರಗ ತಗೀರಿ, ಮಂತ್ರಿ ಹೊರಗ ತಗೀರಿ, ರಾಜನ ಬಾಜೂಕ ಹೋಗಿ ಹೊಡೀರಿ, ಖಲಾಸ್! ಎದುರಿಗಿದ್ದಾವಂಗ ನೀರ ಕುಡಿಯಾಕೂ ಟೈಮ್ ಸಿಗೂದಿಲ್ಲ" ಅಂದ. ನಂಬಲಿಲ್ಲ ಅಂತ ನನ್ನ ಮೇಲೆಯೇ ತೋರಿಸಿದ. ನನ್ನ ಅನ್ನ ಕಲಸುವುದು ಮುಗಿಯುವ ಮೊದಲೇ ನನ್ನ ರಾಜ ಸತ್ತಿದ್ದ. ಇಷ್ಟು ಸುಲಭದ ದಾರಿ ಇಟ್ಟುಕೊಂಡು ಮನುಷ್ಯರು ಯಾಕೆ ಗಂಟೆಗಟ್ಟಲೆ ಆಡುತ್ತಾರೋ ಅಂದುಕೊಂಡು, ಸಂಜೆ ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕಿನಲ್ಲಿ ಆ ನಾಲ್ಕು ನಡೆಗಳನ್ನು ಮಂತ್ರದ ಹಾಗೆ ಹೇಳಿಕೊಳ್ಳುತ್ತಾ ಮನೆಗೆ ಬಂದೆ.

ಭಾಗ್ಯ ನೋಡಿದಳು. ಇನ್ನೊಮ್ಮೆ ತೋರಿಸಿ ಅಂದಳು. ಆಮೇಲೆ ತಲೆಯಾಡಿಸಿದಳು. "ಇದು ಬೇಡ ರೀ. ಇದು ಎದುರಿನವರು ನೋಡದೆ ಇದ್ರೆ ಮಾತ್ರ ಆಗೋ ಆಟ. ನನಗೆ ಅಣ್ಣ ನೋಡ್ಕೊಂಡು ಆಡ್ಬೇಕು."

ಆಗ ವಿಷಯ ಹೊರಗೆ ಬಂತು. ಅವಳ ಅಣ್ಣ ಮುನಿರಾಜು, ನನಗೆ ಭಾವ, ಅತ್ತಿಬೆಲೆಯಲ್ಲಿದ್ದಾರೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ತಂಗಿಗೆ ತವರಿನ ಬಾಗಿನ ತರುತ್ತಾರೆ. ಒಬ್ಬಟ್ಟಿನ ಊಟವಾದ ಮೇಲೆ ಅಣ್ಣ ತಂಗಿ ಒಂದು ಆಟ ಚೆಸ್ ಆಡುವುದು ಪದ್ಧತಿ. ಅವರ ತಂದೆ ಮಗನಿಗೆ ಮಾತ್ರ ಕಲಿಸಿದ್ದ ಆಟ. ಇವಳು ಬಾಗಿಲ ಹತ್ತಿರ ನಿಂತು ನೋಡಿ ಕಲಿತವಳು. ಹಾಗಾಗಿ ಆಟ ಶುರುವಾಗುವ ಮೊದಲು ಭಾವ ತಮ್ಮ ಕಡೆಯ ಒಂದು ಆನೆಯನ್ನು ಬೋರ್ಡಿನಿಂದ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಆನೆ ಬಿಟ್ಟು ಆಡುವುದು. ಗಟ್ಟಿಗರು ಕಲಿಯುವವರಿಗೆ ಕೊಡುವ ರಿಯಾಯಿತಿ. ಹೀಗೆ ಆಡಿ ಪ್ರತಿ ವರ್ಷ ಭಾಗ್ಯ ಗೆಲ್ಲುತ್ತಾಳೆ, ಭಾವ "ಗೆದ್ಬಿಟ್ಲು ನೋಡ್ರಪ್ಪಾ ನನ್ ತಂಗಿ!" ಅಂತ ಚಪ್ಪಾಳೆ ತಟ್ಟುತ್ತಾರೆ. ಒಬ್ಬಟ್ಟಿನ ಮಂಪರಿನಲ್ಲಿ ನಾನೂ ತಟ್ಟುತ್ತೇನೆ.

"ಹೋದ ವರ್ಷ ಕಾಫಿ ತಗೊಂಡು ಬರ್ತಿದ್ದೆ" ಅಂದಳು ಭಾಗ್ಯ. "ಅಣ್ಣ ಬಾಲ್ಕನೀಲಿ ಅತ್ತಿಗೆ ಜೊತೆ ಫೋನಲ್ಲಿ ಮಾತಾಡ್ತಿದ್ದ. 'ಗೆಲ್ಲಿಸ್ಬಿಟ್ಟೆ ಕಣೇ, ಹಬ್ಬದ್ ದಿನ ಅಲ್ವಾ, ಪಾಪ' ಅಂದ. ಆನೆ ಬಿಟ್ಟಿದ್ದು ನನಗೆ ಗೊತ್ತಿತ್ತು. ಉಳಿದ ಕಾಯೀನೂ ಬೇಕೂಂತಲೇ ಬಿಡ್ತಾನೆ ಅಂತ ಗೊತ್ತಿರಲಿಲ್ಲ." ಕಪ್ಪು ಆನೆಯೊಂದನ್ನು ಎತ್ತಿ ಮತ್ತೆ ಅದರ ಮನೆಯಲ್ಲೇ ಇಟ್ಟಳು. "ನನಗೆ ಗೆಲ್ಲೋದು ಬೇಡ ರೀ. ಒಂದೇ ಒಂದು ಸಲ ಅವನ ಹತ್ತಿರ ನಿಜವಾಗಿ ಸೋಲ್ಬೇಕು."

ಗೆಲ್ಲಬೇಕು ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನೇ ಒಬ್ಬ, ಹಲ್ಲುನೋವಿನವನ ಮೇಲಾದರೂ ಸರಿ. ನಿಜವಾಗಿ ಸೋಲಬೇಕು ಅನ್ನುವವರನ್ನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ, ಹಾಲಿನವನ ಲೆಕ್ಕ, ಗ್ಯಾಸ್ ಬುಕಿಂಗು ಅಂತ ಮಾತಾಡಿಕೊಂಡಿದ್ದ ಈ ಹೆಂಗಸಿನ ಒಳಗೆ ಇಂಥದೊಂದು ಆಸೆ ಕೂತಿದೆಯಲ್ಲ ಅಂತ ನನಗೆ ಮೈ ಜುಮ್ಮೆಂದಿತು. ಅವಳಿಗೆ ತಕ್ಕ ಓಪನಿಂಗ್ ಹುಡುಕಿಕೊಡುವುದು ಈಗ ನನ್ನ ಮರ್ಯಾದೆಯ ಪ್ರಶ್ನೆಯಾಯಿತು.

ಫೋನಿನಲ್ಲಿ ವಿಡಿಯೋ ನೋಡಲು ಶುರು ಮಾಡಿದೆ. ನೋಡಿದರೆ ಅದು ಚೆಸ್ಸೋ ಟ್ರಾವೆಲ್ಸ್‌ನವರ ಬೋರ್ಡೋ ತಿಳಿಯದು. ಓಪನಿಂಗುಗಳ ಹೆಸರೇ ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚ್, ಲಂಡನ್, ಸಿಸಿಲಿಯನ್! "ಲಂಡನ್ ಒಳ್ಳೆಯದಂತೆ, ಎದುರಿನವರು ಏನೇ ಮಾಡಿದ್ರೂ ನಾವು ನಮ್ಮ ಪಾಡಿಗೆ ಅದನ್ನೇ ಆಡ್ಕೊಂಡು ಹೋಗಬಹುದಂತೆ" ಅಂದೆ. "ಎದುರಿನವರು ಏನು ಹೇಳಿದ್ರೂ ಕೇಳಿಸ್ಕೊಳ್ದೆ ನಮ್ಮ ಪಾಡಿಗೆ ಇರೋದಾ? ಅದು ನಿಮಗೆ ಸರಿ" ಅಂದಳು. ಸಿಸಿಲಿಯನ್ ಅನ್ನುವುದು ಕಪ್ಪು ಕಾಯಿ ಹಿಡಿದವರಿಗಂತೆ, ಅದರ ಒಂದೊಂದು ಕವಲಿಗೂ ಒಂದೊಂದು ಹೆಸರಂತೆ, ಕವಲಿನ ಕವಲಿಗೂ ಹೆಸರಂತೆ. ಅದನ್ನು ಕಲಿಯುವ ಹೊತ್ತಿಗೆ ಗೌರಿ ಬಂದು, ಗಣಪತಿಯೂ ಬಂದು, ಇಬ್ಬರೂ ನೀರಿಗೆ ಹೋಗಿರುತ್ತಿದ್ದರು. ವಿಡಿಯೋದವನೊಬ್ಬ, ನಾಲ್ಕಾರು ನಡೆ ಆಗುವಷ್ಟರಲ್ಲಿ ಆಟ ಹೋಗಬಹುದಾದ ದಾರಿಗಳನ್ನು ಮನುಷ್ಯ ಕೂತು ಎಣಿಸಲಾರ ಅಂದ. ನಾನು ಫೋನು ಕೆಳಗಿಟ್ಟು, ಇನ್ನೂ ಯಾರೂ ಮುಟ್ಟದೆ ಎರಡು ಸಾಲಾಗಿ ನಿಂತಿದ್ದ ಕಾಯಿಗಳನ್ನು ನೋಡಿದೆ. ಅದರಲ್ಲೊಂದು ಕಾಲಾಳು ಯಾವತ್ತೋ ಕಳೆದುಹೋಗಿ, ಅದರ ಜಾಗದಲ್ಲಿ ನಮ್ಮ ಕಾರ್ಖಾನೆಯ ಒಂದು ಬೋಲ್ಟು ನಿಂತಿದೆ. ಆ ಬೋಲ್ಟೂ ಸೇರಿ ಇಷ್ಟೇ ಇಷ್ಟು ಕಟ್ಟಿಗೆ ತುಂಡುಗಳ ಒಳಗೆ ಎಣಿಕೆಗೆ ಸಿಗದಷ್ಟು ಆಟ ಮಲಗಿದೆ ಅಂದರೆ! ಇಂಥ ಸಮುದ್ರದ ದಡದಲ್ಲಿ ಇಷ್ಟು ವರ್ಷ ಕೂತು ನಾನು ಮೂಲೆಯ ಕಾಲಾಳನ್ನು ಒಂದು ಮನೆ ಜರುಗಿಸಿಕೊಂಡಿದ್ದೆ.

ಕೊನೆಗೆ ಇಟಾಲಿಯನ್ ಒಪ್ಪಿಗೆಯಾಯಿತು. ರಾಜನ ಮುಂದಿನ ಕಾಲಾಳು ಎರಡು ಮನೆ ಹಾರುತ್ತದೆ, ಕುದುರೆ ಹೊರಗೆ ಬರುತ್ತದೆ, ಒಂಟೆ ಓರೆಯಾಗಿ ಹೋಗಿ ಬೋರ್ಡಿನ ನಡುವೆ ಕೂರುತ್ತದೆ. ಅಷ್ಟೇ. ಆದರೆ ಆ ಒಂಟೆ ನೋಡುತ್ತಿರುವುದು ಎಲ್ಲಿಗೆ ಅಂತ ಭಾಗ್ಯ ಬೆರಳಿಟ್ಟುಕೊಂಡು ಹೋದಳು. ಎದುರಿನ ರಾಜನ ಪಕ್ಕದ ಒಂಟೆಯ ಮುಂದೆ ಒಬ್ಬ ಕಾಲಾಳು ನಿಂತಿರುತ್ತಾನಲ್ಲ, ಬೆರಳು ಅಲ್ಲಿ ನಿಂತಿತು. "ರೀ, ಇವನನ್ನ ಕಾಯೋರು ಯಾರು?" ಅಂದಳು. ನೋಡಿದೆ. ಆನೆ ಕಾಯುವುದಿಲ್ಲ, ಕುದುರೆ ಕಾಯುವುದಿಲ್ಲ, ಮಂತ್ರಿ ಕಾಯುವುದಿಲ್ಲ. ರಾಜ ಒಬ್ಬನೇ. ಅಷ್ಟು ದೊಡ್ಡ ಸೈನ್ಯದಲ್ಲಿ ರಾಜನೇ ಖುದ್ದಾಗಿ ಕಾವಲು ನಿಂತಿರುವ ಮನೆ ಅದೊಂದೇ! ಬಸವರಾಜನ ನಾಲ್ಕು ನಡೆ ಹೊಡೆದದ್ದೂ ಅಲ್ಲಿಗೇ. ಡಬ್ಬಿ ಗೆದ್ದ ನನಗೆ ಅದು ಅಂದು ಮೊದಲ ಸಲ ಕಾಣಿಸಿತು. ಪೀಣ್ಯದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿದು ಮಾಲು ವಾಪಸ್ ಕಳಿಸುವ ಕಣ್ಣುಗಳು ಇವೇನಾ ಅಂತ ಕನ್ನಡಕ ಒರೆಸಿಕೊಂಡೆ.

ಮುಂದಿನ ವಾರಗಳಲ್ಲಿ ನಮ್ಮ ಮನೆಯ ಮಾತುಕತೆಯೇ ಬದಲಾಯಿತು. ಚಪಾತಿ ಲಟ್ಟಿಸುತ್ತಾ "ಮಂತ್ರೀನ ಬೇಗ ಹೊರಗೆ ತರಬಾರದು ಅಂತೀರಲ್ಲ, ಯಾಕೆ?" ಅನ್ನುತ್ತಿದ್ದಳು. ಚಿಲ್ಲರೆ ಕಾಯಿಗಳೆಲ್ಲ ಅಟ್ಟಿಸಿಕೊಂಡು ಬರುತ್ತವೆ, ಅವನು ಓಡುವುದರಲ್ಲೇ ನಮ್ಮ ನಡೆಗಳೆಲ್ಲ ಮುಗಿಯುತ್ತವೆ ಅಂತ ನಾನು ವಿಡಿಯೋದಲ್ಲಿ ಕೇಳಿದ್ದನ್ನು ಒಪ್ಪಿಸುತ್ತಿದ್ದೆ. "ಮ್ಯಾನೇಜರ್ ಬೆಳಗ್ಗೆನೇ ಲೈನಿಗೆ ಬಂದು ನಿಂತಂಗೆ" ಅಂತ ಅವಳು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಿದ್ದಳು. ಒಂದೇ ಕಾಯಿಯನ್ನು ಮತ್ತೆ ಮತ್ತೆ ನಡೆಸಬಾರದು, ಕೂತವರನ್ನೆಲ್ಲ ಎಬ್ಬಿಸಿ ಕೆಲಸಕ್ಕೆ ಹಚ್ಚಬೇಕು, ರಾಜನನ್ನು ಗಾಳಿಗೆ ಬಿಡಬಾರದು. ನಾನು ಹೇಳಿಕೊಟ್ಟದ್ದು ಇಷ್ಟೇ. ಉಳಿದದ್ದೆಲ್ಲ ಅದೇ ಎರಡು ಮನೆ ಹಾರುವ ಕಾಲಾಳು, ಅದೇ ಕುದುರೆ, ಅದೇ ಒಂಟೆ; ಕಣ್ಣು ಮುಚ್ಚಿ ಆಡುವಷ್ಟು ಅಭ್ಯಾಸ ಮಾಡಿಸಿದೆ. ನಿಜವಾದ ಕೋಚ್‌ಗಳ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಡುಮನೆಯಲ್ಲಿ ಅಡ್ಡಾಡುವುದನ್ನೂ ಕಲಿತೆ.

ಗೌರಿ ಹಬ್ಬ ಬಂತು. ಭಾವ ಬೆಳಗ್ಗೆ ಬೇಗನೆ ಹೊರಟಿದ್ದರೂ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಅತ್ತಿಬೆಲೆಯಿಂದ ತಮಿಳುನಾಡಿಗೆ ಕಾಲ್ನಡಿಗೆಯಲ್ಲಿ ಹೋಗಿ ಟೀ ಕುಡಿದು ಬರಬಹುದು. ನಾಗಸಂದ್ರಕ್ಕೆ ಬರಬೇಕಾದರೆ ಮಾತ್ರ ಇಡೀ ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ಈಜಬೇಕು. "ಏನ್ ಭಾವ, ಚೆನ್ನಾಗಿದೀರಾ?" ಅಂದರು ಅವರು. "ಬನ್ನಿ ಭಾವ" ಅಂದೆ ನಾನು. ನಾವಿಬ್ಬರೂ ಒಬ್ಬರಿಗೊಬ್ಬರು ಭಾವ; ಇದರಲ್ಲಿ ಯಾರು ದೊಡ್ಡವರು ಅನ್ನುವ ಜಗಳಕ್ಕೆ ಜಾಗವಿಲ್ಲದಿರುವುದು ಒಂದು ದೊಡ್ಡ ಅನುಕೂಲ. ಮೊರದ ಬಾಗಿನ, ಸೀರೆ, ಬಳೆ, ತೆಂಗಿನಕಾಯಿ ಎಲ್ಲ ದೇವರ ಮುಂದೆ ಇಟ್ಟರು. ಊಟವಾಯಿತು. ಒಬ್ಬಟ್ಟಿಗೆ ತುಪ್ಪ ಬಡಿಸುವಾಗ ಭಾಗ್ಯ ನನ್ನ ಎಲೆಗೇ ಎರಡು ಸಲ ಬಡಿಸಿದ್ದು ನನಗೆ ಮಾತ್ರ ಕಂಡಿತು. ಅಂದು ನಾನು ಒಬ್ಬಟ್ಟನ್ನು ಒಂದಕ್ಕೇ ನಿಲ್ಲಿಸಿದೆ. ಕೋಚ್ ತೂಕಡಿಸಬಾರದು.

ಬೋರ್ಡು ಹಾಸಿದ್ದಾಯಿತು. ಭಾವ ಗೋಡೆಗೊರಗಿ ಕೂತು, ಅಭ್ಯಾಸಬಲದಿಂದ ತಮ್ಮ ಕಡೆಯ ಆನೆಯೊಂದನ್ನು ಎತ್ತಿ ಜೇಬಿಗೆ ಹಾಕಿಕೊಂಡರು. "ಆನೆ ಇಡಣ್ಣ" ಅಂದಳು ಭಾಗ್ಯ. ಭಾವ ನಕ್ಕರು. "ಇರ್ಲಿ ಬಿಡಮ್ಮ, ಹಬ್ಬ. ಯಾವಾಗ್ಲೂ ಇಂಗೇ ತಾನೆ ಆಡೋದು?" ಅಂದರು. ಅವಳು ಬಗ್ಗಿ, ಅಣ್ಣನ ಜೇಬಿಗೆ ಕೈ ಹಾಕಿ, ಆನೆಯನ್ನು ತೆಗೆದು ಅದರ ಮೂಲೆಯಲ್ಲಿ ನಿಲ್ಲಿಸಿದಳು. "ಬಾಗಿನ ಕೊಟ್ಟೆಯಲ್ಲ, ತಗೊಂಡೆ. ಇದು ಬೇಡ. ನೋಡ್ಕೊಂಡು ಆಡು." ಭಾವ ನನ್ನ ಕಡೆ ನೋಡಿದರು. ನಾನು ಕೈ ಹಿಂದೆ ಕಟ್ಟಿಕೊಂಡು ಫ್ಯಾನ್ ನೋಡಿದೆ.

"ಸರಿ ಕಣಮ್ಮ. ಬಿಳಿ ನಿಂದು. ನಡೆಸು ನಿನ್ ಎರಡು ಕಾಲಾಳು" ಅಂದರು ಭಾವ.

ಎರಡು ಕಾಲಾಳು? ಅವರ ಮನೆಯ ಕಾನೂನು ಬೇರೆ! ಊರ ಕಡೆಯ ಹಳೆಯ ಆಟ. ಅದರಲ್ಲಿ ಮೊದಲ ಸರದಿಗೆ ಎರಡು ಕಾಲಾಳುಗಳನ್ನು ಒಂದೊಂದು ಮನೆ ನಡೆಸಬೇಕು. ಒಂದೇ ಕಾಲಾಳು ಎರಡು ಮನೆ ಹಾರುವುದು ಅಂತ ಇಲ್ಲವೇ ಇಲ್ಲ. ಪ್ರತಿ ವರ್ಷ ಇದೇ ನಡುಮನೆಯಲ್ಲಿ ನನ್ನ ಕಣ್ಣೆದುರೇ ಹಾಗೆ ಆಡುತ್ತಿದ್ದರು. ಆ ಕಣ್ಣು ಒಬ್ಬಟ್ಟಿನ ಭಾರಕ್ಕೆ ಮುಚ್ಚಿರುತ್ತಿತ್ತು ಅನ್ನುವುದು ಬೇರೆ ಮಾತು. ನಾನು ವಾರಗಟ್ಟಲೆ ಕೂತು ಹೇಳಿಕೊಟ್ಟಿದ್ದ ಇಟಾಲಿಯನ್ನಿನ ಮೊದಲನೇ ನಡೆಯೇ ಈ ಬೋರ್ಡಿನ ಮೇಲೆ ತಪ್ಪು. ಕೂದಲೆಳೆ ವ್ಯತ್ಯಾಸವಲ್ಲ, ಪೂರ್ತಿ ಮಾಲೇ ರಿಜೆಕ್ಟ್. ಬೇರೆ ಯಾರಾದರೂ ತಂದಿದ್ದರೆ ನಾನೇ ಕೆಂಪು ಚೀಟಿ ಅಂಟಿಸುತ್ತಿದ್ದೆ. ಭಾಗ್ಯಳ ಮುಖ ನೋಡಲು ಧೈರ್ಯ ಬರಲಿಲ್ಲ.

ಅವಳು ಸ್ವಲ್ಪವೂ ಗಾಬರಿಯಾಗಲಿಲ್ಲ. ರಾಜನ ಮುಂದಿನ ಕಾಲಾಳನ್ನು ಒಂದು ಮನೆ, ಮಂತ್ರಿ ಕಡೆಯ ಕುದುರೆಯ ಮುಂದಿನದನ್ನು ಒಂದು ಮನೆ ಇಟ್ಟಳು. ನೋಡುತ್ತಿದ್ದ ಹಾಗೆ ನನಗೆ ಅರ್ಥವಾಯಿತು: ಎರಡೇ ಬೆರಳಿನಲ್ಲಿ ಎರಡು ಒಂಟೆಗಳಿಗೂ ದಾರಿ ಬಿಟ್ಟಿದ್ದಳು. ಆಮೇಲೆ ಕುದುರೆ ಬಂತು. ಒಂಟೆ ಓರೆಯಾಗಿ ಜಾರಿ, ನಾವು ಅಭ್ಯಾಸ ಮಾಡಿದ್ದ ಅದೇ ಮನೆಯಲ್ಲಿ ಕೂತು, ಅದೇ ಕಡೆ ನೋಡತೊಡಗಿತು. ಯಾವ ದೇಶದ ಹೆಸರೂ ಇಲ್ಲದ ದಾರಿಯಲ್ಲಿ ನಡೆದು ಅವಳು ತಲುಪಬೇಕಾದ ಊರನ್ನೇ ತಲುಪಿದ್ದಳು. ಭಾವ ಮೊದಮೊದಲು ಬಾಡಿಗೆದಾರರ ನೀರಿನ ಜಗಳ ಹೇಳುತ್ತಾ ಆಡುತ್ತಿದ್ದರು. ಮಾತು ಕಮ್ಮಿಯಾಯಿತು. ಒರಗಿದ್ದವರು ನೆಟ್ಟಗೆ ಕೂತರು. ಕಾಫಿ ಆರಿತು. ಅವರ ಕುದುರೆ ಒಂದು ಕಾಲಾಳಿನ ಆಸೆಗೆ ಅತ್ತ ಹೋಯಿತು ನೋಡಿ, ಭಾಗ್ಯ ಆವರೆಗೂ ಹೊರಗೆ ಕರೆಯದಿದ್ದ ಮಂತ್ರಿಯನ್ನು ಕರೆದಳು. ಇನ್ನೊಂದು ನಡೆಗೆ, ರಾಜ ಒಬ್ಬನೇ ಕಾಯುತ್ತಿದ್ದ ಆ ಕಾಲಾಳನ್ನು ಹೊಡೆದು ಮಂತ್ರಿ ರಾಜನ ಪಕ್ಕದಲ್ಲೇ ನಿಂತ. ಮಂತ್ರಿಗೆ ಒಂಟೆಯ ಬೆಂಬಲ. ರಾಜನಿಗೆ ಹೋಗಲು ಒಂದು ಮನೆಯೂ ಇಲ್ಲ. "ಚೆಕ್" ಅಂದಳು.

"ಚೆಕ್ ಅಲ್ಲ, ಮೇಟ್! ಆಟ ಮುಗೀತು!" ಅಂತ ನಾನು ಕೂಗಿ ಎದ್ದೇಬಿಟ್ಟೆ. "ನಮ್ಮನೇಲಿ ಇನ್ನೂ ಮುಗಿದಿಲ್ಲ ರೀ, ಕೂತ್ಕೊಳಿ" ಅಂದಳು ಭಾಗ್ಯ, ಬೋರ್ಡಿನಿಂದ ಕಣ್ಣೆತ್ತದೆ.

ಅವರ ಮನೆಯಲ್ಲಿ ಇನ್ನೊಂದು ಕಾನೂನಿತ್ತು. ಇಡೀ ಆಟದಲ್ಲಿ ಒಂದೇ ಒಂದು ಸಲ ರಾಜ ಕುದುರೆಯ ಹಾಗೆ ನೆಗೆದು ತಪ್ಪಿಸಿಕೊಳ್ಳಬಹುದು. ಆದರೆ ನೆಗೆಯುವುದು ಅವಮಾನ. "ರಾಜ ನೆಗೆದನೋ, ಗೆದ್ರೂ ಅರ್ಧ ಸೋತಂಗೆ" ಅನ್ನುತ್ತಿದ್ದರಂತೆ ಅವರ ತಂದೆ. ಭಾವನ ರಾಜ ಯಾವತ್ತೂ ಯಾರ ಮುಂದೆಯೂ ನೆಗೆದವನಲ್ಲ. ಅತ್ತಿಬೆಲೆಯಲ್ಲಿ ಅದನ್ನು ಹೇಳಿಕೊಳ್ಳುತ್ತಾರೆ. ಈಗ ಭಾವ ರಾಜನನ್ನೇ ನೋಡುತ್ತಾ ಕೂತರು. ಅವರು ಸುಮ್ಮನೆ ಕೈಯೆತ್ತಿ "ನೀನೇ ಗೆದ್ದೆ ಕಣಮ್ಮ" ಅಂದರೆ ಮುಗಿಯಿತು. ಮರ್ಯಾದೆಯೂ ಉಳಿಯುತ್ತದೆ, ಹಬ್ಬವೂ ಚೆಂದವಾಗುತ್ತದೆ, ಎಂದಿನ ಹಾಗೆ ಚಪ್ಪಾಳೆ ತಟ್ಟಬಹುದು. ಆದರೆ ಭಾಗ್ಯಳಿಗೆ ಅದು ಗೆಲುವೋ ಬಾಗಿನವೋ ಅಂತ ಎಂದಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು. ಹೊರಗೆ ಮೆಟ್ರೋ ಹೋದ ಸದ್ದಾಯಿತು. ಗೌರಮ್ಮನ ಮುಂದಿನ ದೀಪಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ: ತಾಯೀ, ಈ ಮನುಷ್ಯ ಒಳ್ಳೆಯವನಾಗದ ಹಾಗೆ ನೋಡಿಕೋ.

ಭಾವ ತಂಗಿಯ ಮುಖ ನೋಡಿದರು. ಆಮೇಲೆ ರಾಜನ ತಲೆ ಹಿಡಿದು ಎತ್ತಿ, ಎರಡು ಮನೆ ಪಕ್ಕಕ್ಕೆ, ಒಂದು ಮನೆ ಮುಂದಕ್ಕೆ, ನೆಗೆಸಿದರು.

ಅಂಗಿಯ ತೋಳಿನಲ್ಲಿ ಹಣೆ ಒರೆಸಿಕೊಂಡು, "ಆಡು. ಈಗ ಬಿಡಲ್ಲ ನಿನ್ನ" ಅಂದರು. ಬಿಡಲೂ ಇಲ್ಲ. ಆಮೇಲೆ ನಡೆದದ್ದು ನಾನು ನನ್ನ ಜನ್ಮದಲ್ಲಿ ನೋಡಿದ ಅತಿ ದೊಡ್ಡ ಯುದ್ಧ. ಜೇಬಿನಲ್ಲಿರಬೇಕಾಗಿದ್ದ ಆ ಆನೆ ಮೂಲೆಯಿಂದ ಎದ್ದು ಬಂದು ಭಾಗ್ಯಳ ಮಂತ್ರಿಯನ್ನು ಅಟ್ಟಾಡಿಸಿತು. ಅವಳು ಒಂದೊಂದು ಕಾಲಾಳಿಗೂ ಹೋರಾಡಿದಳು. ಕೊನೆಗೆ ಬೋಲ್ಟು ಒಂದೇ ಉಳಿದು ಅವಳ ರಾಜನ ಮುಂದೆ ಅಡ್ಡ ನಿಂತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಭಾವ "ಮುಗೀತು ಕಣಮ್ಮ" ಅಂದರು. ಭಾಗ್ಯ ಬೋರ್ಡನ್ನು ಮೂಲೆಮೂಲೆಗೂ ನೋಡಿ, ದಾರಿಯಿಲ್ಲ ಅಂತ ಖಾತ್ರಿ ಮಾಡಿಕೊಂಡು, "ಸೋತೆ" ಅಂದಳು. ಜನ ಫಸ್ಟ್ ಕ್ಲಾಸ್ ಬಂದೆ ಅಂತ ಹೇಳುವ ದನಿಯಲ್ಲಿ. ಅವಳ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗು. ನನಗೂ ಕಣ್ಣು ಮಂಜಾಯಿತು, ಒಬ್ಬಟ್ಟಿನಿಂದಲ್ಲ.

ಚಪ್ಪಲಿ ಮೆಟ್ಟುವಾಗ ಭಾವ ನನ್ನನ್ನು ಪಕ್ಕಕ್ಕೆ ಕರೆದರು. "ಏನ್ ಭಾವ, ಏನ್ ಹೇಳ್ಕೊಟ್ರಿ ಇವ್ಳಿಗೆ? ಮುಂದಿನ್ ವರ್ಷಕ್ಕೆ ನಾನೂ ಓದ್ಕೊಂಡ್ ಬರ್ಬೇಕು. ನನ್ ರಾಜ ನೆಗೆದ್ಬುಟ್ಟ ಅಂತ ಊರಲ್ಲಿ ಎಂಗ್ ಏಳ್ಲಿ?" ಅಂದರು. ಹೇಳಿಯೇ ಹೇಳುತ್ತಾರೆ ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅವರು ಹೋದ ಮೇಲೆ ನಾನು ಮೆಲ್ಲಗೆ, "ಎರಡು ಕಾಲಾಳಿನ ಕಾನೂನು ನನಗೆ ಮರೆತೇ ಹೋಗಿತ್ತು ಕಣೇ. ನಿನಗೆ ಆಮೇಲೆ ನೆನಪಾಯ್ತಾ?" ಅಂದೆ. "ಮೊದಲಿಂದಲೂ ಗೊತ್ತಿತ್ತು ರೀ. ನಾನು ನೋಡ್ಕೊಂಡು ಬೆಳೆದಿರೋ ಆಟ ತಾನೆ" ಅಂದಳು. "ಮತ್ತೆ ಹೇಳಬಾರದಿತ್ತಾ?" ಅವಳು ಕಾಯಿಗಳನ್ನು ಚೀಲಕ್ಕೆ ತುಂಬುತ್ತಾ, "ನೀವು ಅಷ್ಟು ಆಸೆಯಿಂದ ಕೈ ಹಿಂದೆ ಕಟ್ಕೊಂಡು ಓಡಾಡ್ತಿದ್ರಿ. ಯಾಕೆ ಬೇಜಾರು ಮಾಡೋದು ಅಂತ" ಅಂದಳು.

ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಈಗ ಪ್ರತಿ ಭಾನುವಾರ ಊಟವಾದ ಮೇಲೆ ನಾವಿಬ್ಬರೂ ಆಡುತ್ತೇವೆ, ಪುಸ್ತಕದ ಕಾನೂನಿನಲ್ಲಿ. ನಾನು ಮೂಲೆಯ ಕಾಲಾಳನ್ನು ಬಿಟ್ಟು ಇಟಾಲಿಯನ್ನಿಗೆ ಬಂದಿದ್ದೇನೆ. ಗೆಲ್ಲುತ್ತಲೂ ಇದ್ದೇನೆ. ಭಾವನ ರಾಜನನ್ನೇ ನೆಗೆಸಿದವಳನ್ನು ಸೋಲಿಸುವುದೆಂದರೆ ಸಾಮಾನ್ಯವೇ ಅಂತ ಬಸವರಾಜನಿಗೂ ಕ್ಯಾಂಟೀನಿಗೆ ಕೇಳುವ ಹಾಗೆ ಹೇಳಿದೆ. ಹೋದ ಭಾನುವಾರ ಗೆದ್ದು, ಡಬ್ಬಿಯಿಂದ ಒಂದು ಹಿಡಿ ಹುರಿಗಡಲೆ ತೆಗೆದುಕೊಳ್ಳೋಣ ಅಂತ ಅಡುಗೆಮನೆಗೆ ಹೊರಟೆ. 'ಚೆಸ್ ಪ್ರಥಮ' ಡಬ್ಬಿಯ ಪಕ್ಕದಲ್ಲಿ ನಿಂತು ಭಾಗ್ಯ ಫೋನಿನಲ್ಲಿ ಮಾತಾಡುತ್ತಿದ್ದಳು. "ಗೆಲ್ಲಿಸ್ಬಿಟ್ಟೆ ಕಣಣ್ಣ" ಅಂತಿದ್ದಳು. "ಭಾನುವಾರ ಅಲ್ವಾ, ಪಾಪ."

ಬಾಗಿಲ ಹತ್ತಿರವೇ ನಿಂತೆ. ಒಳಗೆ ಹೋಗಿ, ಮಂತ್ರಿ ಬಿಡಬೇಡ, ಒಂಟೆ ಬಿಡಬೇಡ, ನನಗೂ ಒಂದು ಸಲ ನಿಜವಾಗಿ ಸೋಲಬೇಕು ಅನ್ನಬಹುದಿತ್ತು. ಅಂಥ ಮಾತು ಆಡುವುದಕ್ಕೆ ಎಂಥ ಗುಂಡಿಗೆ ಬೇಕು ಅನ್ನುವುದು ಆಗ ನನಗೆ ಚೆನ್ನಾಗಿ ತಿಳಿಯಿತು. ಸದ್ದಾಗದ ಹಾಗೆ ವಾಪಸು ಬಂದು ಚಾಪೆ ಹಾಸಿಕೊಂಡೆ. ಈ ಭಾನುವಾರ ಮತ್ತೆ ಆಡಿದೆವು. ಮತ್ತೆ ನಾನೇ ಗೆದ್ದೆ. ಏನು ಹೇಳಲಿ, ಖುಷಿಯೇ ಆಯಿತು.